ಧೂಪ ಹಿಡಿದ ಕಾಫಿ

ಮೊನ್ನೆ ಆಯುಧಪೂಜೆಯ ದಿನ ಕೊಯಮತ್ತೂರಿನ ನಮ್ಮ ಕಾಫಿ ಹುರಿಯುವ ಶೆಡ್ಡಿನಲ್ಲಿ ಎಲ್ಲರೆದುರು ಕಿರುಚಿಬಿಟ್ಟೆ. ಯಂತ್ರಕ್ಕೆ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಬೂದುಗುಂಬಳ ತಂದಿಟ್ಟಿದ್ದರು. ಪ್ಯಾಕಿಂಗಿನ ಸೆಲ್ವಿ ಸಾಂಬ್ರಾಣಿಯ ಹೊಗೆ ಹಿಡಿದು ಮೂಲೆ ಮೂಲೆಗೂ ತೋರಿಸುತ್ತ ಗೋದಾಮಿನ ಬಾಗಿಲಿಗೆ ಬಂದಳು. ಒಳಗೆ ಹುರಿಯದ ಬೀಜದ ಚೀಲವೊಂದು ಬಾಯಿ ಬಿಟ್ಟುಕೊಂಡು ನಿಂತಿತ್ತು. "ನಿಲ್ಲು, ಒಳಗೆ ಬರಬೇಡ!" ಎಂದು ಕನ್ನಡದಲ್ಲೇ ಕೂಗಿದೆ. ಅವಳಿಗೆ ಕನ್ನಡ ಬಾರದು, ಆದರೆ ನನ್ನ ಮುಖ ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿದಳು. ಸಾಂಬ್ರಾಣಿ ಹೊಗೆಗೆ ಹೆದರುವುದು ದೆವ್ವ ಮಾತ್ರ ಎಂದು ಯಾರೋ ತಮಾಷೆ ಮಾಡಿದರು. ನಾನೂ ನಕ್ಕೆ. ಚೀಲದ ಬಾಯಿ ಬಿಗಿದು ಕಟ್ಟಿ, ಸೆಲ್ವಿಯ ಕೈಯಿಂದ ಪ್ರಸಾದದ ಪೊರಿ ಸುಂಡಲು, ಅಂದರೆ ಮಂಡಕ್ಕಿ, ಕಡಲೆ ಉಸಲಿ, ಇಸಿದುಕೊಂಡು, ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬಳೇ ಕೂತೆ. ತಿನ್ನಲು ಮನಸ್ಸಾಗಲಿಲ್ಲ. ಆ ಹೊಗೆ ಮೂಗಿಗೆ ಬಿದ್ದರೆ ನನಗೆ ದೇವರು ನೆನಪಾಗುವುದಿಲ್ಲ, ಕೇತಕ್ಕ ನೆನಪಾಗುತ್ತಾಳೆ.

ಆಗ ನಾನು ಘಟ್ಟದ ಮೇಲೆ, ಗಡಿಯ ಹಾಸನೂರಿನಲ್ಲಿದ್ದೆ. ನನ್ನೂರು ಅಲ್ಲೇ ಹತ್ತಿರದ ಪಣಕಹಳ್ಳಿ. ರಾಗಿ, ಮುಸುಕಿನ ಜೋಳ, ಕೋಸು ಬೆಳೆಯುವ ಮನೆಯಲ್ಲಿ ಹುಟ್ಟಿ ಕಾಫಿ ಕುಡಿದು ಸಂಬಳ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದವಳು ನಾನೊಬ್ಬಳೇ. ನಮ್ಮ ಕಂಪನಿ ಕಾಫಿ ಹುರಿದು ಹೋಟೆಲುಗಳಿಗೆ, ದೊಡ್ಡ ಊರುಗಳ ಕಾಫಿ ಅಂಗಡಿಗಳಿಗೆ ಸಗಟಾಗಿ ಕೊಡುತ್ತದೆ. ಬರುವ ಬೀಜದಲ್ಲಿ ಯಾವುದು ಒಳ್ಳೆಯದು, ಯಾವುದಕ್ಕೆ ಏನು ಕೆಟ್ಟ ವಾಸನೆ ಹಿಡಿದಿದೆ ಎಂದು ಪತ್ತೆ ಮಾಡುವುದು ನನ್ನ ಕೆಲಸ. ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಲ್ಲಿ ಸೊರ್ರೆಂದು ಎಳೆದು, ಬಾಯೆಲ್ಲ ಆಡಿಸಿ, ಉಗುಳಬೇಕು. ಅವ್ವ ಒಮ್ಮೆ ನಾನು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕಂಡು, "ಎಮ್ಮ ಕಲಗಚ್ಚು ಕುಡುದಂಗದ ಕಣಮ್ಮಿ, ಗಂಡಿನ ಕಡೇವ್ರ ಮುಂದ ಮಾತ್ರ ಇಂಗ ಮಾಡ್ಬ್ಯಾಡ" ಅಂದಿದ್ದಳು. ನಾಲಿಗೆ ಕೆಡುತ್ತದೆಂದು ನಾನು ಇಂಗು, ಬೆಳ್ಳುಳ್ಳಿ ಬಿಟ್ಟಿದ್ದೆ. ಅವಿಲ್ಲದ ಸಾರು ಉಣ್ಣುವುದಕ್ಕಿಂತ ಉಪವಾಸ ವಾಸಿ ಎಂಬುದು ಅವ್ವನ ಖಚಿತ ಅಭಿಪ್ರಾಯ.

ಹಾಸನೂರಿನ ಹೆದ್ದಾರಿಯ ಬದಿ ಎರಡು ಕೋಣೆ ಹಿಡಿದು ಕಂಪನಿ ಒಂದು ಖರೀದಿ ಕೇಂದ್ರ ತೆರೆದಿತ್ತು. ಅಲ್ಲಿಂದ ಕಾಡಿನೊಳಗೆ ಮಣ್ಣುದಾರಿಯಲ್ಲಿ ಹೋದರೆ ಒಂದು ಪೋಡು, ಅಂದರೆ ಸೋಲಿಗರ ಸಣ್ಣ ಊರು. ಮನೆಗಳ ಹಿಂದೆ ಹಲಸು, ಸಿಲ್ವರ್ ಓಕಿನ ನೆರಳಿನಲ್ಲಿ ಎಲ್ಲರಿಗೂ ಒಂದಿಷ್ಟು ಕಾಫಿ ಗಿಡ. ಮೊದಲೆಲ್ಲ ಹಣ್ಣು, ಕಾಯಿ, ಎಲೆ ಒಟ್ಟಿಗೇ ತರಿದು, ಅಂಗಳದಲ್ಲಿ ಒಣಗಿಸಿ, ಜೀಪಿನಲ್ಲಿ ಬರುವ ದಲ್ಲಾಳಿಗೆ ಹಾಕುತ್ತಿದ್ದರು. ಕೆಂಪು ಹಣ್ಣನ್ನಷ್ಟೇ ಆರಿಸಿ, ತಿರುಳು ತೆಗೆದು, ತೊಳೆದು, ನೆಲ ಮುಟ್ಟದಂತೆ ಬಲೆಯ ಮಂಚದ ಮೇಲೆ ಒಣಗಿಸಿ ಎಂದು ಹೇಳಲು ಹೋದವಳು ನಾನು. ಎಲ್ಲರೂ ಕೇಳಿಸಿಕೊಂಡರು, ಯಾರೂ ಮಾಡಲಿಲ್ಲ. ಮಾಡಿದವನು ಜಡೆಯಣ್ಣ.

ಜಡೆಯಣ್ಣ ಎತ್ತರದ, ಸಣಕಲು ಮನುಷ್ಯ. ಯಾವ ಮಾತಿಗೂ ಒಂದು ಕೊಕ್ಕೆ ಹಾಕದೆ ಬಿಡುತ್ತಿರಲಿಲ್ಲ. ಒಂದು ದಿನ ಕೇಂದ್ರಕ್ಕೆ ಬಂದಾಗ ನಾನು ಸೊರ್ರೆಂದು ಎಳೆದು ಉಗುಳುವುದನ್ನು ಕಂಡು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

"ಮೇಡಮ್ಮಾರೆ, ನೀವು ಕುಡ್ದು ಉಗೀತೀರಿ, ಅದ್ಕೇ ನಿಮ್ಗ ಬರೀ ತಪ್ಪೇ ಸಿಕ್ತದ. ನಮ್ಮಂಗ ನುಂಗ್ ನೋಡಿ, ಎಲ್ಲಾ ಕಾಪಿನೂ ಚೆಂದಾಗೇ ಅದ" ಅಂದ.

ಆದರೆ ಒಣಗಿಸುವ ಮಂಚ ಮೊದಲು ಕಟ್ಟಿದವನೂ ಅವನೇ. ಅವನಿಗೆ ಬೇಕಿದ್ದದ್ದು ಒಂದೇ. ಬೀಜ ಪರೀಕ್ಷೆಯಲ್ಲಿ ಗೆದ್ದರೆ ಅದನ್ನು ಬೇರೆ ಕಾಫಿಯೊಡನೆ ಬೆರೆಸದೆ, ಬೆಳೆದ ಊರಿನ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿ ಮಾರುತ್ತೇವೆ ಎಂದು ಕಂಪನಿ ಹೇಳಿತ್ತು. ಆ ಮಾತು ಅವನ ತಲೆಗೆ ಹೊಕ್ಕಿತ್ತು.

"ಆನ ಬತ್ತದ, ಅಂದಿ ಬತ್ತದ, ಆಪೀಸರ್‌ಗಳೂ ಬತ್ತರ. ಎಲ್ಲಾರ್ಗೂ ನಮ್ ಪೋಡಿನ ದಾರಿ ಗೊತ್ತದ, ಎಸ್ರು ಮಾತ್ರ ಯಾರ್ಗೂ ಗೊತ್ತಿಲ್ಲ. ಬಸ್ಸಿನ್ ಬೋರ್ಡ್‌ನಲ್ಲಿ ಬರ್ನಿಲ್ಲ, ಪೊಟ್ಣದ್ ಮ್ಯಾಲಾದ್ರೂ ಬರ್ಲಿ" ಅನ್ನುತ್ತಿದ್ದ.

ಅವನ ಹೆಂಡತಿ ಕೇತಕ್ಕ ಪಕ್ಕದಲ್ಲೇ ಹಣ್ಣು ಆರಿಸುತ್ತ, "ಮದ್ಲು ನಿನ್ ಎಸ್ರು ರೇಶನ್ ಕಾರ್ಡ್‌ನಲ್ಲಿ ಸರಿ ಮಾಡ್ಸ್ಕ. ಅದ್ರಲ್ಲಿ ನೀನು ನನ್ ಮಗ್ಳು" ಎಂದು ನಗಿಸುತ್ತಿದ್ದಳು. ಅವಳ ಬೆರಳು ಮಾತಾಡುವಾಗಲೂ ನಿಲ್ಲುತ್ತಿರಲಿಲ್ಲ. ಅರೆಹಣ್ಣು ಒಂದು ಕಡೆ, ಕೆಂಪು ಒಂದು ಕಡೆ.

ಆ ವರ್ಷ ಐಪಸಿ ತಿಂಗಳ ಹಿಂಗಾರು ಮಳೆ ಹೊತ್ತಿಗೆ ಮುಗಿಯಲಿಲ್ಲ. ಕಾರ್ತಿಕ ಕಳೆದು, ಧನುರ್ಮಾಸ ಬಂದರೂ ಮೋಡ ಗುಡ್ಡದ ಮೇಲೆಯೇ ಕೂತಿತ್ತು. ಹಣ್ಣು ಗಿಡದಲ್ಲೇ ಒಡೆದು ನೆಲಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಮಂಜು ಕರಗುವಷ್ಟರಲ್ಲಿ ಮಧ್ಯಾಹ್ನ, ಬಿಸಿಲು ಬಂತು ಎನ್ನುವಷ್ಟರಲ್ಲಿ ತುಂತುರು. ಉಳಿದವರೆಲ್ಲ ಬೇಸತ್ತು ಬೀಜವನ್ನು ಹೇಗಿತ್ತೋ ಹಾಗೆ ಜೀಪಿಗೆ ಹಾಕಿದರು. ಜಡೆಯಣ್ಣ ಹಾಕಲಿಲ್ಲ. ಮಂಚದ ಮೇಲೆ ಪ್ಲಾಸ್ಟಿಕ್ ಎಳೆಯುವುದು, ಬಿಸಿಲು ಕಂಡರೆ ಮತ್ತೆ ತೆಗೆಯುವುದು, ಬೀಜವನ್ನು ಕೈಯಲ್ಲಿ ಕೆದಕುತ್ತಾ ಇರುವುದು, ಇದೇ ಅವನ ದಿನ. ಬೀಜ ಒದ್ದೆಯಾಗದಂತೆ ನೋಡಿಕೊಂಡವನು ತಾನು ಮಾತ್ರ ನೆನೆಯುತ್ತಲೇ ಇದ್ದ.

ಸಂಕ್ರಾಂತಿಗೆ ಮುಂಚೆ ನಾನು ಹೋದಾಗ ಬೀಜ ಒಣಗಿ ಮುಗಿದಿತ್ತು. ತೇವ ಅಳೆಯುವ ಮೀಟರು ಇಟ್ಟು ನೋಡಿದೆ, ಎಷ್ಟಿರಬೇಕೋ ಅಷ್ಟೇ ಇತ್ತು. ಒಂದು ಹಿಡಿ ಬೀಜ ಮೂಗಿಗೆ ಹಿಡಿದರೆ ಹಸನಾದ, ಹೊಸ ಹುಲ್ಲಿನ ವಾಸನೆ. ಆ ಮಳೆಯಲ್ಲಿ ಹಾಗೆ ಒಣಗಿಸಿದ್ದು ನೋಡಿ ನನಗೆ ನಿಜವಾಗಿಯೂ ಖುಷಿಯಾಯಿತು, ಹೇಳಿದೆ ಕೂಡ. ಜಡೆಯಣ್ಣ ಕಂಬಳಿ ಹೊದ್ದು ಬಾಗಿಲಲ್ಲಿ ಕೂತಿದ್ದ, ಕಣ್ಣು ಕೆಂಪಗಿತ್ತು. "ನುಂಗುದ್ರಾ, ಉಗುದ್ರಾ?" ಎಂದು ಕೇಳಿದ. ಇನ್ನೂ ಹುರಿದೇ ಇಲ್ಲ, ಕುಡಿಯುವುದೆಲ್ಲಿಂದ ಎಂದು ನಾನೂ ನಕ್ಕೆ. ಕಂಪನಿ ಕೊಟ್ಟಿದ್ದ ಪ್ಲಾಸ್ಟಿಕ್ ಒಳಚೀಲದಲ್ಲಿ ತುಂಬಿ, ಬಾಯಿ ಬಿಗಿದು ಕಟ್ಟಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ, ಮೆಣಸಿನಕಾಯಿ, ಸೀಮೆಎಣ್ಣೆ, ಈರುಳ್ಳಿ, ಮೇಕೆ ಯಾವುದೂ ಹತ್ತಿರ ಸುಳಿಯಬಾರದು, ಪಿಕಪ್ ಬಂದಾಗ ಕಳಿಸಿ ಎಂದು ಹೇಳಿ ಬಂದೆ.

ಪಿಕಪ್ ಬರುವ ಮುಂಚೆ ಜಡೆಯಣ್ಣ ಹೋಗಿಬಿಟ್ಟ. ಜ್ವರ ಎದೆಗಿಳಿದಿತ್ತು. ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದರು, ಅಲ್ಲಿಂದ ಬಿಳಿ ಬಟ್ಟೆ ಸುತ್ತಿ ವಾಪಸು ತಂದರು. ಮಣ್ಣಿಗೆ ಹೋಗಿದ್ದೆ. ಅವತ್ತೂ ಮಂಜು, ಹತ್ತು ಮಾರು ಆಚೆಯವರು ಕಾಣುತ್ತಿರಲಿಲ್ಲ. ಅಳುವವರ ದನಿ ಮಾತ್ರ ಕೇಳುತ್ತಿತ್ತು, ಯಾರದು ಎಂದು ತಿಳಿಯುತ್ತಿರಲಿಲ್ಲ. ಕೇತಕ್ಕ ಅಳಲಿಲ್ಲ. ನನ್ನನ್ನು ಕಂಡು, "ಚೀಲ ಅಂಗೇ ಅದ ಮಂಜವ್ವ, ಮುಟ್ಟಿಲ್ಲ" ಅಂದಳು. ಆ ಹೊತ್ತಿನಲ್ಲಿ ಅದನ್ನು ಕೇಳುವವರು ಯಾರು?

ಕಾರ್ಯ ಮುಗಿದ ಮೇಲೆ ಚೀಲಗಳು ಹಾಸನೂರಿಗೆ ಬಂದವು. ಮಾದರಿ ತೆಗೆದುಕೊಂಡು ನಾನೇ ಬಸ್ಸು ಹತ್ತಿ, ದಿಂಬದ ಘಾಟಿಯ ತಿರುವುಗಳನ್ನಿಳಿದು, ಕೊಯಮತ್ತೂರಿಗೆ ಹೋದೆ. ನಮ್ಮ ಹುರಿಯುವ ವಿಭಾಗದ ದೊಡ್ಡವರು ಮುರುಗೇಶನ್ ಸಾರ್. ಯಾರ ಕಾಫಿ ಎಂದು ಯಾರಿಗೂ ತಿಳಿಯಬಾರದೆಂದು ಅವರು ಒಂದೊಂದು ಕಾಫಿಗೂ ಐದೈದು ಬಟ್ಟಲು ಮಾಡಿ, ಕೆಳಗೆ ನಂಬರು ಅಂಟಿಸಿ, ಅದಲುಬದಲು ಮಾಡಿ ಇಡುತ್ತಾರೆ. ನಾನು ಬಾಗಿ ಒಂದೊಂದೇ ಬಟ್ಟಲಿನ ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಒಡೆದು ಮೂಸುತ್ತ ಹೋದೆ. ಒಂದರ ಹತ್ತಿರ ಬಂದಾಗ ಇನ್ನೊಮ್ಮೆ ಬಾಗಿ ಮೂಸಿದೆ.

ಧೂಪ. ಹೊಗೆಯಲ್ಲ. ಒಲೆಯ ಹೊಗೆ ಹಿಡಿದ ಕಾಫಿ ನಾನು ಬೇಕಾದಷ್ಟು ನೋಡಿದ್ದೆ. ಇದು ಕೆಂಡದ ಮೇಲೆ ಹಾಕಿದ ಕಾಡಿನ ಮರದಂಟು, ಮಣ್ಣಿನ ದಿನ ಕೇತಕ್ಕನ ಮನೆಯಲ್ಲಿ ಮೂಗಿಗೆ ಬಿದ್ದದ್ದೇ. ಬಾಯಿಗೆ ಹಾಕಿಕೊಂಡೆ. ಮೊದಲು ಕಿತ್ತಳೆಯಂಥ ಹುಳಿ, ಜೇನಿನ ಸಿಹಿ, ಅಷ್ಟು ಚೆಂದದ ಕಾಫಿ. ಅದರ ಮೇಲೆಲ್ಲ ಈ ಧೂಪ ಕವಿದುಕೊಂಡಿತ್ತು, ಉಗುಳಿದ ಮೇಲೂ ಗಂಟಲಿನಿಂದ ಹೋಗಲಿಲ್ಲ. ನಂಬರು ತೆಗೆದು ನೋಡುವ ಅಗತ್ಯವೇ ನನಗಿರಲಿಲ್ಲ.

ಮುರುಗೇಶನ್ ಸಾರ್ ಕುಡಿದು, ಕಣ್ಣು ಮುಚ್ಚಿ, "ಕೋಯಿಲ್ ವಾಸನೈ" ಅಂದರು. ದೇವಸ್ಥಾನದ ವಾಸನೆ. ಇನ್ನೊಮ್ಮೆ ಬೇರೆ ಬಟ್ಟಲಿನಲ್ಲಿ ಕುಡಿದರು. ಆಮೇಲೆ ಚಮಚ ಕೆಳಗಿಟ್ಟರು. ನಾನು ಜಡೆಯಣ್ಣನ ಕತೆಯೆಲ್ಲ ಹೇಳಿದೆ. ಅವರು ಕಲ್ಲುಹೃದಯದವರಲ್ಲ, ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು. ಆದರೂ ಅವರು ಹೇಳಿದ್ದು ಇಷ್ಟು. ಸಗಟು ವ್ಯಾಪಾರದಲ್ಲಿ ಕಾಫಿ ಕುಡಿಯುವವನು ನಮ್ಮೆದುರು ಇರುವುದಿಲ್ಲ, ಅವನಿಗೆ ಕತೆ ಹೇಳಲು ನಾವು ಹೋಗುವುದಿಲ್ಲ. ಹೋಟೆಲಿನವನಿಗೆ ಹೋದ ವಾರ ಸಿಕ್ಕ ರುಚಿಯೇ ಈ ವಾರವೂ ಸಿಗಬೇಕು. ಒಂದು ಚೀಲ ಧೂಪ ಹೊಡೆದರೆ ಅದರೊಡನೆ ಹುರಿದದ್ದೆಲ್ಲ ಧೂಪವೇ. ಅವರು ಹೇಳಿದ್ದು ಸರಿ. ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಸರಿಯಾದ ಮಾತು ಇಷ್ಟು ಕಹಿಯಾಗಿರುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಜಡೆಯಣ್ಣನ ಬೀಜ ಚಿಕೋರಿ ಬೆರೆಸುವ ಅಗ್ಗದ ಪುಡಿಯ ರಾಶಿಗೆ ಹೋಯಿತು. ಯಾವ ಬಸ್ ಸ್ಟ್ಯಾಂಡಿನಲ್ಲಿ ಯಾರು ಅದನ್ನು ಕುಡಿದರೋ.

ಆದರೆ ನನ್ನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬೀಜ ಬೇಡವೆಂದರೆ ಯಾಕೆ ಬೇಡ ಎಂದು ಬೆಳೆದವರಿಗೆ ಹೇಳಬೇಕು, ಮುಂದಿನ ವರ್ಷ ಅದೇ ತಪ್ಪಾಗದಿರಲು. ಪೋಡಿಗೆ ಹೋಗುವ ದಾರಿಯುದ್ದಕ್ಕೂ ನಾನು ಬೇರೆ ಕಾರಣ ಹುಡುಕುತ್ತಿದ್ದೆ. ಗಂಡನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗದವಳ ಮುಂದೆ ಕೂತು, ನೀನು ಹಾಕಿದ ಧೂಪವೇ ಅವನ ಕಾಫಿಯನ್ನು ಕೆಡಿಸಿತು ಅನ್ನುವ ಬಾಯಿ ನನಗಿರಲಿಲ್ಲ. ಮಳೆ ಎಂದುಬಿಡೋಣ ಅಂದುಕೊಂಡೆ. ಆ ವರ್ಷ ಮಳೆಯ ಮೇಲೆ ಏನು ಹೊರಿಸಿದರೂ ಎಲ್ಲರೂ ನಂಬುತ್ತಿದ್ದರು.

ಅಂಗಳದಲ್ಲಿ ಜಡೆಯಣ್ಣನ ತಮ್ಮ ಬೊಮ್ಮನೂ ಇದ್ದ. ಬೀಜ ಬೇಡ ಅಂದರಂತೆ ಎಂಬ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವನೇ ಶುರು ಮಾಡಿದ.

"ನಂಗ ಗೊತ್ತಿತ್ತು ಕಣತ್ಗ. ಅಣ್ಣ ಸರ್ಯಾಗ್ ಒಣಗ್ಸ್ನಿಲ್ಲ. ಜಡಿಮಳ ಬಂದ ದಿಸ ನಾನ್ ನೋಡ್ನಿಲ್ವಾ? ನಾವೆಲ್ಲಾ ಜೀಪ್‌ಗ ಆಕ್ದೋ, ಇವ್ನೊಬ್ಬ ಬುದ್ವಂತ ಅಂತ ಮಡಿಕಂಡ. ಪ್ರಾಣನೂ ಓಯ್ತು, ಕಾಪಿನೂ ಓಯ್ತು."

ಕೇತಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಂದಿದ್ದ ಸುಳ್ಳು ಅಲ್ಲೇ ಸತ್ತಿತು. ಮಳೆ ಅಂದರೆ ತಪ್ಪು ಜಡೆಯಣ್ಣನದಾಗುತ್ತಿತ್ತು. ಅಷ್ಟು ದಿನ ನೆನೆದು, ಕೆದಕಿ, ಮುಚ್ಚಿ, ತೆಗೆದು ಒಣಗಿಸಿದವನು ಸತ್ತ ಮೇಲೆ ಕೆಲಸಗೇಡಿ ಅನ್ನಿಸಿಕೊಳ್ಳುತ್ತಿದ್ದ. ನಿಜ ಹೇಳಿದರೆ ಕೇತಕ್ಕನದಾಗುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ನಾನು ಹೊರಿಸಲೇಬೇಕಿತ್ತು. ಅಂಥ ಕೆಲಸ ಯಾರಿಗೂ ಬರಬಾರದು.

"ಇಲ್ಲ ಬೊಮ್ಮಣ್ಣ, ತೇವ ಇರ್ನಿಲ್ಲ. ನಾನೇ ಮೀಟರ್ ಇಕ್ಕಿ ನೋಡಿವ್ನಿ" ಅಂದೆ.

"ಅಂಗಾರ ಇನ್ನೇನಾಯ್ತು?" ಎಂದಳು ಕೇತಕ್ಕ.

"ಚೀಲದ್ ಬಾಯಿ ಬಿಚ್ಚಿದ್ರಾ ಅಕ್ಕ?"

ಅವಳು ಹೇಳಿದಳು. "ಬಿಚ್ಚಿದ್ದೆ. ಸತ್ತೋರು ದುಡ್ದಿದ್ನ ಅಂಗೇ ಒರಕ್ ಕಳುಸ್ಬಾರ್ದು ಕಣವ್ವ. ನಮ್ ಮನ ಕಡ ಧೂಪ ತೋರ್ಸೇ ಕಳ್ಸದು. ರಾಗಿ ಆದ್ರೂ ಅಷ್ಟೇ, ಜೇನಾದ್ರೂ ಅಷ್ಟೇ. ಇಲ್ದಿದ್ರ ಅವ್ರು ಅದ್ರ ಇಂದಿಂದ್ಕೇ ಓಯ್ತಾರ, ದಾರಿ ತಪ್ಪುತಾರ. ಬಾಗ್ಲ್ ಆಕಂಡು, ಚೀಲ್ದ್ ಬಾಯಿ ಬಿಚ್ಚಿ, ಚೆಂದಾಗಿ ಒಗ ಇಡುಸ್ದೆ."

"ಕಾಪಿ ಬೀಜ ವಾಸ್ನ ಕುಡೀತದ ಅಕ್ಕ" ಎಂದೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ.

ನಾನು ಮೆಣಸಿನಕಾಯಿ ಹೇಳಿದ್ದೆ, ಸೀಮೆಎಣ್ಣೆ ಹೇಳಿದ್ದೆ, ಮೇಕೆಯನ್ನೂ ಹೇಳಿದ್ದೆ. ನಾನು ಕಲಿತ ಯಾವ ಪಾಠದಲ್ಲೂ ಧೂಪದ ಹೆಸರಿಲ್ಲ. ಬೇರೆ ಯಾವ ಊರಿನ ಕಾಫಿಗೂ ಈ ತೊಂದರೆ ಬಂದಿರಲಾರದು. ಕೇತಕ್ಕ ಸೆರಗಿನ ತುದಿಯನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು.

"ಅಂಗಾರ ಅವ್ನು ಸರ್ಯಾಗೇ ಒಣಗ್ಸಿದ್ನ?"

"ಸರ್ಯಾಗೇ ಒಣಗ್ಸಿದ್ರು. ಈ ವರ್ಸ ಅಷ್ಟ್ ಚೆಂದಾಗಿ ಒಣಗ್ದ ಕಾಪಿ ಇನ್ನೊಂದ್ ಬಂದಿಲ್ಲ."

"ಕೇಳ್ದ್ಯಾ ಬೊಮ್ಮ?" ಎಂದು ಮೈದುನನ ಕಡೆ ತಿರುಗಿದಳು. "ಅವ್ನು ಸರ್ಯಾಗೇ ಒಣಗ್ಸಿದ್ದ. ಕೆಡ್ಸುದ್ದು ನಾನು. ಇನ್ ಅವ್ನ ಎಸ್ರು ಎತ್ಬ್ಯಾಡ."

ಗೆದ್ದವಳ ಹಾಗೆ ಹೇಳಿದಳು. ಹೇಳಿ ಒಳಗೆ ಹೋದಳು. ಅವತ್ತು ಅವಳು ಮೊದಲ ಸಲ ಅತ್ತದ್ದು ಹೊರಗೆ ಕೂತ ನಮಗೆ ಕೇಳಿಸಿತು.

ಆ ಬೇಸಿಗೆ ಹೇಗೆ ಕಳೆಯಿತೋ ನೆನಪಿಲ್ಲ. ಕಾಫಿ ಹೂ ಬಿಟ್ಟಾಗ ಕಾಡೆಲ್ಲ ಮಲ್ಲಿಗೆಯ ವಾಸನೆ ಬರುತ್ತದೆ, ಅದು ಬಂದಿತ್ತೇನೋ. ಮುಂಗಾರು ಬಂತು, ಹೋಯಿತು. ಕೇತಕ್ಕ ದಲ್ಲಾಳಿಯ ಜೀಪಿಗೇ ಹಾಕುತ್ತಾಳೆ, ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಮಾರ್ಗಶಿರದಲ್ಲಿ ಒಂದು ದಿನ ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ಬಲೆ ಹರಿದಿದೆ, ಹೊಸದು ಬೇಕು ಅಂದಳು.

ಆ ಕೊಯ್ಲಿನಲ್ಲಿ ಅವಳು ದುಡಿದದ್ದು ನೋಡಿದರೆ ಭಯವಾಗುತ್ತಿತ್ತು. ಮಾತು ಕಡಿಮೆಯಾಗಿತ್ತು, ತಮಾಷೆ ನಿಂತೇ ಹೋಗಿತ್ತು. ಮಂಚದ ಹತ್ತಿರ ಬೀಡಿ ಹಚ್ಚಿದವನನ್ನು ತೋಟದಾಚೆ ಅಟ್ಟುತ್ತಿದ್ದಳು. ಅಡುಗೆ ಒಲೆಯನ್ನೂ ಗಾಳಿ ನೋಡಿ ಮನೆಯ ಹಿಂದಕ್ಕೆ ಸಾಗಿಸಿದ್ದಳು. ತಾನು ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟಿದ್ದಾಳೆಂದು ಬೊಮ್ಮನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. ಅಷ್ಟೆಲ್ಲ ಬೇಡ ಅಕ್ಕ ಅಂದರೆ, "ನಿಂಗ ಗೊತ್ತಾಗಲ್ಲ" ಅನ್ನುತ್ತಿದ್ದಳು. ಕಾಫಿಯ ವಿಷಯದಲ್ಲಿ ನನಗೆ ಗೊತ್ತಾಗುವುದಿಲ್ಲ ಅನ್ನಿಸಿಕೊಂಡದ್ದು ಅದೇ ಮೊದಲು.

ಜಡೆಯಣ್ಣನ ವರ್ಷದ ಕಾರ್ಯ ಬಂದಾಗ ಬೀಜ ಇನ್ನೂ ಮಂಚದ ಮೇಲಿತ್ತು. ತೇವ ನೋಡಲು ಹೋದವಳನ್ನು ಉಂಡು ಹೋಗು ಎಂದು ನಿಲ್ಲಿಸಿಕೊಂಡರು. ಬೇರೆ ಪೋಡುಗಳಿಂದ ನೆಂಟರು ಬಂದಿದ್ದರು. ರಾಗಿ ಹಿಟ್ಟು, ಅವರೆಕಾಳು, ಜೇನು, ಅವನಿಗೆ ಇಷ್ಟವಿದ್ದ ಬೆಲ್ಲದ ಕಾಫಿ, ಎಲ್ಲ ಮುತ್ತುಗದ ಎಲೆಯಲ್ಲಿ ಎಡೆಯಾಯಿತು. ಪೋಡಿನ ಹಿರಿಯನೊಬ್ಬ ಮಡಕೆಯ ಚೂರಿನಲ್ಲಿ ಕೆಂಡ ತಂದ, ಮಡಿಲಿನಿಂದ ಧೂಪ ತೆಗೆದ.

"ಬ್ಯಾಡ" ಅಂದಳು ಕೇತಕ್ಕ.

ಯಾರಿಗೂ ಅರ್ಥವಾಗಲಿಲ್ಲ. ಹಿರಿಯನ ಕೈ ಕೆಂಡದ ಮೇಲೆಯೇ ನಿಂತಿತು.

"ಆಕ್ಬ್ಯಾಡ ಕಣಜ್ಜ. ಬೀಜ ಒಣಗ್ತಾ ಅದ."

"ಏನತ್ಗ ನೀನು!" ಬೊಮ್ಮ ಎದ್ದು ನಿಂತ. "ಧೂಪ ಇಲ್ದ ಎಡೆಯಾ? ಅಣ್ಣ ಬಂದು ಉಣ್ಣದೆಂಗ? ಸತ್ತೋನ್ಗಿಂತ ಕಾಪಿ ಎಚ್ಚಾ ನಿಂಗ?"

ನನಗೆ ತಡೆಯಲಾಗಲಿಲ್ಲ. ಬೀಜಕ್ಕೆ ಪ್ಲಾಸ್ಟಿಕ್ ಮುಚ್ಚಿ, ಹಳ್ಳದ ಹತ್ತಿರ ಹೋಗಿ ಹಾಕಿದರೆ ಏನೂ ಆಗುವುದಿಲ್ಲ, ನಾನು ಹೇಳುತ್ತೇನಲ್ಲ ಎಂದು ಬೇಡಿಕೊಂಡೆ. ಅದು ನಿಜವೂ ಆಗಿತ್ತು. ಕೇತಕ್ಕ ತಲೆಯಾಡಿಸಿದಳು.

"ಗಾಳಿ ನಿನ್ ಮಾತ್ ಕೇಳ್ತದ ಮಂಜವ್ವ? ಓದ್ ವರ್ಸ ಅವ್ನು ಓಗ್ಲಿ ಅಂತ ಧೂಪ ಆಕ್ದೆ. ಅವ್ನ್ ಕಾಪಿ ಓಯ್ತು, ಎಸ್ರೂ ಓಯ್ತು. ಈ ವರ್ಸ ಎಸ್ರು ಬರ್ಲಿ. ಅವ್ನು ಅಸ್ಕಂಡೇ ಓದ್ರೂ ನನ್ನ ಬೈಯಲ್ಲ, ನಂಗೊತ್ತು."

ಹಿರಿಯ ಧೂಪವನ್ನು ಮಡಿಲಿಗೆ ವಾಪಸು ಹಾಕಿಕೊಂಡ. ಕೆಂಡದ ಮೇಲೆ ನೀರು ಹೊಯ್ದರು. ಯಾರೂ ಸರಿಯಾಗಿ ಉಣ್ಣಲಿಲ್ಲ. ನೆಂಟರು ಬಿಸಿಲಿರುವಾಗಲೇ ಎದ್ದು ಹೋದರು, ಬೊಮ್ಮನೂ ಅವರ ಜೊತೆಯೇ ನಡೆದ. ಎಡೆಯ ಮುಂದೆ ಕೇತಕ್ಕ ಮತ್ತು ನಾನು ಉಳಿದೆವು. ಬೆಲ್ಲದ ಕಾಫಿ ಲೋಟದಲ್ಲಿ ತಣ್ಣಗಾಗಿ ಮೇಲೆ ಒಂದು ಪೊರೆ ಕಟ್ಟಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಹೋಗಿ ಮಂಚದ ಬೀಜ ಕೆದಕತೊಡಗಿದಳು.

ಆ ಬೀಜದ ಮಾದರಿಯನ್ನೂ ನಾನೇ ಕೊಯಮತ್ತೂರಿಗೆ ಹೊತ್ತೊಯ್ದೆ. ಮುರುಗೇಶನ್ ಸಾರ್ ಎಂದಿನಂತೆ ನಂಬರು ಅಂಟಿಸಿ, ಅದಲುಬದಲು ಮಾಡಿ ಇಟ್ಟರು. ಅದೇ ಕಿತ್ತಳೆಯ ಹುಳಿ, ಅದೇ ಜೇನು. ಬಾಯಿಗೆ ಹಾಕಿದ ಕೂಡಲೇ ಯಾರದೆಂದು ತಿಳಿಯಿತು. ಸಾರ್ ಎರಡು ಸಲ ಕುಡಿದು, ಈ ವರ್ಷ ನಮ್ಮ ಮೇಜಿಗೆ ಬಂದ ಅತ್ಯಂತ ಶುದ್ಧ ಕಾಫಿ ಇದೇ, ಪೊಟ್ಟಣದ ಅಚ್ಚಿಗೆ ಊರಿನ ಹೆಸರು ಬರೆದುಕೊಡು ಅಂದರು. ನಾನು ಮತ್ತೆ ಬಾಗಿದೆ. ಆ ಕಾಫಿಯ ಐದೂ ಬಟ್ಟಲನ್ನು ಬಿಸಿ ಇದ್ದಾಗ ಮೂಸಿದೆ, ಬೆಚ್ಚಗಾದಾಗ ಮೂಸಿದೆ, ಪೂರಾ ಆರಿದ ಮೇಲೂ ಮೂಸಿದೆ. ಎಲ್ಲೋ ಒಂದು ಬಟ್ಟಲಿನ ತಳದಲ್ಲಾದರೂ, ಹಸಿದು ಹೋದವನ ಪಾಲಿಗೆ ಒಂದಿಷ್ಟು ಧೂಪ ಇರಲಿ ಎಂದು ಹುಡುಕುತ್ತಿದ್ದೆ. ಸಾರ್ ನನ್ನನ್ನೇ ನೋಡುತ್ತಿದ್ದರು. ಕೊನೆಯ ಚಮಚವನ್ನು ನಾನು ಉಗುಳಲಿಲ್ಲ, ಜಡೆಯಣ್ಣ ಹೇಳಿದ ಹಾಗೆ ನುಂಗಿದೆ.

"ಏನಾದರೂ ಸಿಕ್ಕಿತೇನಮ್ಮ?" ಎಂದು ತಮಿಳಿನಲ್ಲಿ ಕೇಳಿದರು.

"ಏನೂ ಇಲ್ಲ ಸಾರ್" ಅಂದೆ.